ಪುಳಿಯೋಗರೆಗಾಗಿ ಮೇಲುಕೋಟೆ: ಒಂದು ರಾತ್ರಿ ಉಳಿದು ಬರುವವರಿಗೆ ಸಮಗ್ರ ಮಾರ್ಗದರ್ಶಿ

ಮೇಲುಕೋಟೆ ನೋಡಿ ಬಂದೆವು ಎನ್ನುವವರಲ್ಲಿ ಹೆಚ್ಚಿನವರದು ಒಂದೇ ಕಥೆ. ಭಾನುವಾರ ಹನ್ನೊಂದಕ್ಕೆ ಊರು ಮುಟ್ಟುತ್ತಾರೆ. ಕಾದ ಕಲ್ಲಿನ ಮೆಟ್ಟಿಲುಗಳನ್ನು ಕುಂಟುತ್ತಾ ಹತ್ತಿ ಇಳಿಯುತ್ತಾರೆ. ಚೆಲುವನಾರಾಯಣನ ಗುಡಿಗೆ ಓಡುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ಹಸಿವಿನಲ್ಲಿ ಎದುರಿಗೆ ಸಿಕ್ಕ ಅಂಗಡಿಯಲ್ಲಿ ಆರಿ ಗಟ್ಟಿಯಾದ ಸಕ್ಕರೆ ಪೊಂಗಲ್ ತಿಂದು, 'ಅಂಥದ್ದೇನಿಲ್ಲ' ಎಂದುಕೊಂಡು ಕಾರು ಹತ್ತುತ್ತಾರೆ. ಊರಿನ ಮೇಲೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಮೇಲುಕೋಟೆಯ ತಿನಿಸು ಗುಡಿಯ ಪಾಕಶಾಲೆಯಿಂದ ಬೀದಿಗೆ ಬಂದದ್ದು. ಬೀದಿಗೆ ಬಂದರೂ ಗುಡಿಯ ಹೊತ್ತನ್ನು ಅದು ಬಿಟ್ಟಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಇಲ್ಲಿ ಒಲೆ ಉರಿಯುತ್ತದೆ, ಮಧ್ಯಾಹ್ನ ಊರು ಮಲಗುತ್ತದೆ, ಸಂಜೆ ಗುಡಿಯ ಬಾಗಿಲಿನ ಜೊತೆಗೆ ಮತ್ತೆ ಏಳುತ್ತದೆ. ಹೊರಗಿನಿಂದ ಬಂದವನು ಈ ಲಯಕ್ಕೆ ಹೊಂದಿಕೊಳ್ಳಬೇಕಾದರೆ ಇರುವುದು ಒಂದೇ ದಾರಿ: ಶನಿವಾರ ಸಂಜೆಗೆ ಮುಂಚೆ ಬಂದು, ರಾತ್ರಿ ಉಳಿದು, ಭಾನುವಾರ ಬೆಳಗ್ಗೆ ಬೆಟ್ಟ ಇಳಿದು ಬಂದು ತಿನ್ನುವುದು. ಮುಂದಿನದೆಲ್ಲ ಈ ಒಂದು ಸಲಹೆಯ ವಿಸ್ತರಣೆ.

1. ಯಾವ ವಾರಾಂತ್ಯ?

ಊರು ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದ ಕಲ್ಲುಬೆಟ್ಟಗಳ ಮೇಲಿದೆ. ಗಾಳಿ ಇದ್ದರೂ ಬೇಸಿಗೆಯ ಬಂಡೆ ಬಂಡೆಯೇ. ನವೆಂಬರ್‌ನಿಂದ ಫೆಬ್ರವರಿವರೆಗಿನ ಯಾವ ವಾರವಾದರೂ ಒಳ್ಳೆಯದು. ಮಳೆಗಾಲದ ಮೋಡ ಕವಿದ ದಿನಗಳೂ ಚೆಂದ, ಆದರೆ ಕಲ್ಯಾಣಿಯ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಧನುರ್ಮಾಸಕ್ಕೆ ಹೋಗಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ವೈಷ್ಣವ ಗುಡಿಗಳಲ್ಲಿ ಪೂಜೆ ನಸುಕಿನಲ್ಲೇ ಮುಗಿಯುತ್ತದೆ. ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ ಬಿದ್ದ ಹುಗ್ಗಿ ಆ ಚಳಿಯಲ್ಲಿ ಹಬೆಯಾಡುತ್ತಾ ಅಂಗೈಗೆ ಬಂದಾಗ, ಅದನ್ನು ಬೇರೆ ತಿಂಗಳಲ್ಲಿ ಯಾಕೆ ತಿನ್ನುತ್ತಾರೋ ಎನಿಸುತ್ತದೆ.

ತಪ್ಪಿಸಬೇಕಾದ ವಾರ ವೈರಮುಡಿಯದು. ಮಾರ್ಚ್–ಏಪ್ರಿಲ್ ಸುಮಾರಿಗೆ ಬರುವ ಈ ಉತ್ಸವಕ್ಕೆ ಮಂಡ್ಯದ ಖಜಾನೆಯಿಂದ ವಜ್ರಖಚಿತ ಕಿರೀಟ ಬಿಗಿ ಕಾವಲಿನಲ್ಲಿ ಬರುತ್ತದೆ. ರಾತ್ರಿ ಚೆಲುವನಾರಾಯಣ ಅದನ್ನು ಧರಿಸಿ ಗರುಡವಾಹನದಲ್ಲಿ ಬೀದಿಗೆ ಬರುತ್ತಾನೆ. ಜೀವಮಾನದಲ್ಲಿ ಒಮ್ಮೆ ನೋಡಬೇಕಾದದ್ದೇ, ಆದರೆ ಅದು ದರ್ಶನದ ಪ್ರಯಾಣ. ಆ ದಿನ ಕೊಠಡಿ ಸಿಗುವುದಿಲ್ಲ, ಅಂಗಡಿಯ ಮುಂದೆ ನೆಮ್ಮದಿಯಾಗಿ ದೊನ್ನೆ ಹಿಡಿದು ನಿಲ್ಲುವಷ್ಟು ಜಾಗವೂ ಇರುವುದಿಲ್ಲ. ಕಾರ್ತಿಕದ ಅಷ್ಟತೀರ್ಥೋತ್ಸವ ಮತ್ತು ತೊಟ್ಟಿಲಮಡು ಜಾತ್ರೆಯ ದಿನಕ್ಕೂ ಇದೇ ಮಾತು.

2. ದಾರಿ

ಮೇಲುಕೋಟೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿದೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಬೆಂಗಳೂರಿನಿಂದ ನೀವು ಹಿಡಿಯುವ ದಾರಿಗೆ ತಕ್ಕಂತೆ 130ರಿಂದ 150.

ಬೆಂಗಳೂರಿನವರಿಗೆ ಎರಡು ದಾರಿಗಳಿವೆ. ಒಂದು ಮೈಸೂರು ಹೆದ್ದಾರಿಯಲ್ಲಿ ಮಂಡ್ಯದವರೆಗೆ ಬಂದು ಒಳಗೆ ತಿರುಗುವುದು. ಇನ್ನೊಂದು ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ ಮೂಲಕ ಜಕ್ಕನಹಳ್ಳಿಗೆ ಬಂದು ಬೆಟ್ಟ ಹತ್ತುವುದು. ಹೋಗುವಾಗ ನಾಗಮಂಗಲದ ದಾರಿ, ಬರುವಾಗ ಮಂಡ್ಯದ ದಾರಿ ಹಿಡಿಯಿರಿ. ಬರುವಾಗಲೇ ಮಂಡ್ಯದ ಕಡೆ ಯಾಕೆ ಎಂಬುದು ಎಂಟನೆಯ ಹಂತದಲ್ಲಿ ತಿಳಿಯುತ್ತದೆ.

ಬೈಕಿನವರು ಗಮನಿಸಿ: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ತಿನ್ನಲೆಂದೇ ಹೊರಟವರಿಗೆ ಅದು ನಷ್ಟವೇನೂ ಅಲ್ಲ, ಬಿಡದಿಯ ತಟ್ಟೆ ಇಡ್ಲಿ ಇರುವುದು ಊರೊಳಗಿನ ಹಳೆಯ ರಸ್ತೆಯಲ್ಲೇ.

ಸ್ವಂತ ವಾಹನ ಇಲ್ಲದವರು ರೈಲಿನಲ್ಲಿ ಮಂಡ್ಯಕ್ಕೋ ಪಾಂಡವಪುರಕ್ಕೋ ಬಂದು ಬಸ್ಸು ಹಿಡಿಯಬಹುದು. ಮೈಸೂರಿನಿಂದಲೂ ಬಸ್ಸುಗಳಿವೆ. ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಮರುದಿನ ಹಿಂದಿರುಗುವ ಬಸ್ಸಿನ ಹೊತ್ತನ್ನು ನಿರ್ವಾಹಕರನ್ನೋ ನಿಲ್ದಾಣದ ಎದುರಿನ ಅಂಗಡಿಯವರನ್ನೋ ಕೇಳಿ ಬರೆದುಕೊಳ್ಳುವುದು. ಮೊಬೈಲಿನಲ್ಲಿ ಕಾಣುವ ವೇಳಾಪಟ್ಟಿಗಿಂತ ಅಂಗಡಿಯವರ ಮಾತು ಗಟ್ಟಿ.

ಜಕ್ಕನಹಳ್ಳಿಯಿಂದ ಮೇಲೆ ಹೋಗುವಾಗ ರಸ್ತೆಯ ಅಕ್ಕಪಕ್ಕದ ಕುರುಚಲು ಕಾಡನ್ನು ಬರಿ ಪೊದೆ ಎಂದು ತಳ್ಳಿಹಾಕಬೇಡಿ. 1974ರಲ್ಲಿ ಘೋಷಣೆಯಾದ ವನ್ಯಧಾಮ ಅದು, ಮುಖ್ಯವಾಗಿ ತೋಳಗಳಿಗಾಗಿ. ತೋಳ ಕಾಣುವ ಆಸೆ ಬೇಡ, ನವಿಲು ಕಂಡೇ ಕಾಣುತ್ತದೆ.

3. ಉಳಿಯುವ ಜಾಗ

ಇಲ್ಲಿ ರೆಸಾರ್ಟ್ ಸೌಖ್ಯ ಹುಡುಕಿದರೆ ನಿರಾಸೆ. ಯಾತ್ರಿನಿವಾಸ, ಛತ್ರಗಳು, ಕೆಲವು ಸಣ್ಣ ವಸತಿಗೃಹಗಳು, ಇಷ್ಟೇ. ಕೊಠಡಿ ಸರಳ, ಬಿಸಿನೀರು ಬೆಳಗಿನ ಹೊತ್ತಿಗೆ ಮಾತ್ರ ಇರಬಹುದು. ವಾರದ ಮೊದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ. ಮದುವೆ ಮುಹೂರ್ತಗಳ ವಾರಾಂತ್ಯದಲ್ಲಿ ಛತ್ರಗಳು ಪೂರ್ತಿ ತುಂಬುತ್ತವೆ. ಜೊತೆಯಲ್ಲಿ ವಯಸ್ಸಾದವರಿದ್ದು ಅನುಕೂಲ ಬೇಕೇಬೇಕು ಎಂದಾದರೆ ಮೈಸೂರು ಅಥವಾ ಶ್ರೀರಂಗಪಟ್ಟಣದಲ್ಲಿ ಉಳಿದು ಬೆಳಗ್ಗೆ ಐದೂವರೆಗೆ ಹೊರಡಿ. ರಾತ್ರಿಯ ಊರು ತಪ್ಪುತ್ತದೆ, ಬೆಳಗಿನ ಊಟ ತಪ್ಪುವುದಿಲ್ಲ.

4. ಶನಿವಾರ ಸಂಜೆ: ಹಸಿವು ಕೂಡಿಸಿಕೊಳ್ಳುವ ಹೊತ್ತು

ಮೂರೂವರೆ ನಾಲ್ಕರೊಳಗೆ ತಲುಪಿ. ಚೆಲುವನಾರಾಯಣನ ಗುಡಿ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತದೆ. ಅಷ್ಟರೊಳಗೆ ಕಲ್ಯಾಣಿಯ ಸುತ್ತ ಒಂದು ಸುತ್ತು ಬನ್ನಿ. ನಾಲ್ಕೂ ಕಡೆ ಕಂಬದ ಮಂಟಪಗಳು, ನೀರಿಗಿಳಿಯುವ ಮೆಟ್ಟಿಲ ಸಾಲು, ಎದುರಿಗೆ ತಲೆಯೆತ್ತಿದರೆ ನಾಳೆ ಹತ್ತಬೇಕಾದ ನರಸಿಂಹನ ಬೆಟ್ಟ.

ಊರಿನ ಓಣಿಗಳಲ್ಲಿ ಸುಮ್ಮನೆ ನಡೆಯುವುದು ಈ ಸಂಜೆಯ ಮುಖ್ಯ ಕೆಲಸ. ಕವಿ ಪು.ತಿ. ನರಸಿಂಹಾಚಾರ್ ಹುಟ್ಟಿದ್ದು ಇಲ್ಲೇ, 1905ರಲ್ಲಿ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಕೈಮಗ್ಗದ ಪಂಚೆಗೆ ಹೆಸರಾದ ಊರು ಇದು. ಮಗ್ಗದ ಸದ್ದು ಇಂದು ಹಿಂದಿನಷ್ಟು ಕೇಳುವುದಿಲ್ಲವಾದರೂ ಪಂಚೆ ಸಿಗುತ್ತದೆ. 1960ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಜನಪದ ಸೇವಾ ಟ್ರಸ್ಟ್‌ನ ಖಾದಿ ಬಟ್ಟೆಯನ್ನೂ ನೋಡಿ.

ಗುಡಿಯ ಒಳಗೆ ಹೋದಾಗ ಒಂದು ಸಂಗತಿ ಗಮನಿಸಿ. ರಾಮಾನುಜರು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ವರ್ಷಗಟ್ಟಲೆ ನೆಲೆಸಿದ್ದರು. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಅವರು ದೆಹಲಿಯ ಸುಲ್ತಾನನ ಅರಮನೆಯಿಂದ ಕರೆತಂದರು ಎಂದು ಐತಿಹ್ಯ ಹೇಳುತ್ತದೆ. ಆ ಮೂರ್ತಿಯನ್ನು ಬಿಟ್ಟಿರಲಾರದೆ ಹಿಂದೆಯೇ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಆಗಿ ಇಲ್ಲಿ ಪೂಜೆ ಪಡೆಯುತ್ತಾಳೆ. ಗುಡಿ ನೋಡಿ ಬಂದವರು ಪುಳಿಯೋಗರೆಯ ಬಗ್ಗೆ ಮಾತ್ರ ಹೇಳಿ ಇವಳ ಹೆಸರು ಎತ್ತದಿದ್ದರೆ, ಒಳಗೆ ಸರಿಯಾಗಿ ನೋಡಿಲ್ಲ ಎಂದೇ ಅರ್ಥ.

ಸೂರ್ಯ ಇಳಿಯುವ ಮುಂಚೆ ರಾಯಗೋಪುರದ ಕಡೆ ಹೋಗಿ. ಗೋಪುರ ಏರಲೇ ಇಲ್ಲ. ನಿಂತಿರುವುದು ಎತ್ತರದ ಕೆತ್ತನೆಯ ಕಂಬಗಳು ಮಾತ್ರ. ಎಷ್ಟೋ ಸಿನಿಮಾ ಹಾಡುಗಳಲ್ಲಿ ಕಂಡಿರುವುದರಿಂದ ಮೊದಲ ಸಲ ಹೋದವರಿಗೂ ನೋಡಿದ ಜಾಗ ಎನಿಸುತ್ತದೆ. ಹತ್ತಿರದಲ್ಲೇ ಅಕ್ಕ–ತಂಗಿ ಕೊಳಗಳಿವೆ. ಪಕ್ಕಪಕ್ಕದ ಎರಡು ಕೊಳ, ಒಂದರ ನೀರು ಬಳಸಲು ಯೋಗ್ಯ, ಇನ್ನೊಂದರದು ಅಲ್ಲ. ಯಾಕೆ ಹಾಗೆ ಎಂಬುದಕ್ಕೆ ಅಕ್ಕ ತಂಗಿಯರ ಜಗಳದ ಕಥೆಯಿದೆ. ಅದನ್ನು ಊರಿನವರ ಬಾಯಿಂದ ಕೇಳುವುದೇ ಸರಿ.

ರಾತ್ರಿಯ ಊಟಕ್ಕೆ ತಡ ಮಾಡಬೇಡಿ. ಎಂಟೂವರೆಯ ಮೇಲೆ ಬಿಸಿ ಊಟ ಸಿಗುತ್ತದೆ ಎಂಬ ಭರವಸೆ ಬೇಡ. ಸಣ್ಣ ಮೆಸ್‌ಗಳಲ್ಲಿ ಸಂಜೆಯೇ 'ಇಷ್ಟು ಜನ ಬರುತ್ತೇವೆ' ಎಂದು ಹೇಳಿಟ್ಟರೆ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಮನೆಯೂಟ ದೊರೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಸಪ್ಪೆ ಎಂದುಕೊಂಡವರು ಆ ಸಾರು ಕುಡಿದು ನೋಡಲಿ. ಊರೊಳಗೆ ಮಾಂಸದೂಟ ಹುಡುಕಬೇಡಿ. ಮಂಡ್ಯ ಸೀಮೆಗೆ ಬಂದು ನಾಟಿಕೋಳಿ ಸಾರು, ಮುದ್ದೆ ಉಣ್ಣದೆ ಹೋಗಲಾರೆವು ಎನ್ನುವವರು ಅದನ್ನು ಭಾನುವಾರ ಮಧ್ಯಾಹ್ನ ಹೆದ್ದಾರಿಗೆ ಇಳಿದ ಮೇಲೆ ಇಟ್ಟುಕೊಳ್ಳಲಿ. ಶನಿವಾರ ಪುಳಿಯೋಗರೆ ಮುಟ್ಟದೆ ಇದ್ದರೆ ಇನ್ನೂ ಒಳ್ಳೆಯದು.

5. ಭಾನುವಾರ ಬೆಳಗ್ಗೆ: ಬೆಟ್ಟ

ಯೋಗಾನರಸಿಂಹನ ಬೆಟ್ಟಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ವಾಹನದಲ್ಲಿ ಅರ್ಧ ದಾರಿ ಹೋಗಿ ಉಳಿದದ್ದನ್ನು ಹತ್ತಬಹುದು. ಮಂಡಿನೋವಿನವರು ಹಾಗೇ ಮಾಡಲಿ. ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಹಿಂದಿನ ಸಂಜೆಯೇ ವಿಚಾರಿಸಿ, ಅದಕ್ಕಿಂತ ಒಂದು ಗಂಟೆ ಮುಂಚೆ ಮೆಟ್ಟಿಲ ಬುಡದಲ್ಲಿರಿ. ಮೇಲೆ ನಿಂತರೆ ಕೆಳಗೆ ಕಲ್ಯಾಣಿ, ಊರಿನ ಹೆಂಚಿನ ಮಾಡುಗಳು, ಆಚೆ ಮಂಡ್ಯದ ಬಯಲು. ಚಳಿಗಾಲದಲ್ಲಿ ಇವೆಲ್ಲ ಮಂಜಿನಿಂದ ಒಂದೊಂದಾಗಿ ಹೊರಬರುತ್ತವೆ.

ಎರಡು ಎಚ್ಚರಿಕೆಗಳು. ಮಂಗಗಳು ಇಲ್ಲಿನ ಖಾಯಂ ನಿವಾಸಿಗಳು, ಪ್ಲಾಸ್ಟಿಕ್ ಚೀಲ ಸರ‍್ರೆಂದರೆ ಸಾಕು, ಹೆಗಲೇರುತ್ತವೆ. ಹಣ್ಣು, ಪ್ರಸಾದ, ಕನ್ನಡಕ, ಎಲ್ಲ ಚೀಲದೊಳಗೆ. ಎರಡನೆಯದು, ಹತ್ತು ಗಂಟೆಯ ಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಅಷ್ಟರೊಳಗೆ ಇಳಿದಿರಬೇಕು. ಇಳಿಯುವ ಹೊತ್ತಿಗೆ ಬರುವ ಹಸಿವೇ ಈ ಇಡೀ ಯೋಜನೆಯ ತಿರುಳು.

6. ತಿನ್ನುವುದು

ಕಲ್ಯಾಣಿಯ ಬಳಿ, ಗುಡಿಯ ಬೀದಿಯಲ್ಲಿ, ಬೆಟ್ಟದ ಬುಡದಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್ ಮಾರುವ ಅಂಗಡಿಗಳು ಸಾಲಾಗಿವೆ. ಯಾವುದು ಅಸಲಿ, ಯಾವುದು ಹಳೆಯದು ಎಂಬ ವಾದಕ್ಕೆ ಕೊನೆಯಿಲ್ಲ, ನಾನು ಅದರಲ್ಲಿ ತಲೆಹಾಕುವುದಿಲ್ಲ. ಫಲಕದ ಹೆಸರಿಗಿಂತ ಪಾತ್ರೆಯನ್ನು ನೋಡಿ ಆರಿಸುವುದನ್ನು ಕಲಿತರೆ ಸಾಕು.

ಪುಳಿಯೋಗರೆ ಬಿಸಿಯಾಗಿರಬೇಕು ಎಂದು ಕೇಳುವವರಿದ್ದಾರೆ. ಬೇಕಿಲ್ಲ. ಆರಿದ ಅನ್ನಕ್ಕೆ ಗೊಜ್ಜು ಬಿದ್ದು ಒಂದೆರಡು ಗಂಟೆ ಕಳೆದ ಮೇಲೆಯೇ ಹುಳಿ ಖಾರ ಅನ್ನದ ಒಳಗೆ ಇಳಿಯುವುದು. ಆದ್ದರಿಂದ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ 'ಬಿಸಿ ಇದೆಯೇ' ಎಂಬುದಲ್ಲ, 'ಎಷ್ಟು ಹೊತ್ತಿಗೆ ಕಲಸಿದ್ದಮ್ಮ?' ಎಂಬುದು. ಬೆಳಗಿನ ಜಾವ ಕಲಸಿದ್ದನ್ನು ಒಂಬತ್ತೂವರೆಗೆ ತಿಂದರೆ ಹದ ಸರಿಯಾಗಿರುತ್ತದೆ. ಪೊಂಗಲ್ ಇದಕ್ಕೆ ತದ್ವಿರುದ್ಧ. ಅದು ಒಲೆಯಿಂದ ಇಳಿದ ಅರ್ಧ ಗಂಟೆಯೊಳಗೆ ಬಾಯಿಗೆ ಬರಬೇಕು. ತುಪ್ಪ ಹೆಪ್ಪುಗಟ್ಟಲು ಶುರುವಾದರೆ ಪೊಂಗಲ್ ಅಂಟಂಟಾಗಿ ಭಾರವಾಗುತ್ತದೆ. ಒಂದೇ ಅಂಗಡಿಯಲ್ಲಿ ಎರಡೂ ಕೊಳ್ಳಬೇಕೆಂಬ ಹಠ ಬೇಡ. ಪುಳಿಯೋಗರೆ ಒಂದು ಕಡೆ ತಿಂದು, ಇನ್ನೊಂದು ಕಡೆ ಪೊಂಗಲ್ ಪಾತ್ರೆ ಒಲೆಯಿಂದ ಇಳಿಯುವವರೆಗೆ ಕಾಯಿರಿ.

ದೊನ್ನೆ ಕೈಗೆ ಬಂದಾಗ ನೋಡಬೇಕಾದದ್ದು ಇದು. ಅನ್ನ ಉದುರುದುರಾಗಿರಬೇಕು, ಪ್ರತಿ ಅಗುಳಿಗೂ ಗೊಜ್ಜು ಹತ್ತಿರಬೇಕು. ಅಲ್ಲಲ್ಲಿ ಬಿಳಿ ಅಗುಳು ಕಂಡರೆ ಕಲಸಿದವರಿಗೆ ಆತುರವಿತ್ತು. ಬಣ್ಣ ಗಾಢ ಕಂದು, ಕಪ್ಪಿಗೆ ಹತ್ತಿರ. ಹಳದಿ ಮಿಂಚುತ್ತಿದ್ದರೆ ಗೊಜ್ಜು ಕುದಿದದ್ದು ಸಾಲದು, ಅರಿಸಿನ ಮಾತ್ರ ಧಾರಾಳ. ಎಲೆಯ ಮೇಲೆ ಎಣ್ಣೆಯ ಹೊಳಪು ಉಳಿಯಬೇಕು, ಎಣ್ಣೆ ತಳದಲ್ಲಿ ನಿಲ್ಲಬಾರದು.

ಮೂಸಿದರೆ ಮೊದಲು ಹುರಿದ ಎಳ್ಳು, ಅದರ ಹಿಂದೆ ಇಂಗು ಬರಬೇಕು. ಬಾಯಲ್ಲಿಟ್ಟಾಗ ಹುಣಸೆಯ ಹುಳಿ ಮುಂದೆ ನಿಂತು, ಬ್ಯಾಡಗಿ ಮೆಣಸಿನಕಾಯಿಯ ಖಾರ ನಿಧಾನಕ್ಕೆ ಹರಡಿ, ಬೆಲ್ಲ ಇವೆರಡನ್ನೂ ಹಿಡಿದು ನಿಲ್ಲಿಸಬೇಕು. ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಬಿಸುಪು ಕರಿಮೆಣಸಿನದು. ಈ ಕೊನೆಯ ಬಿಸುಪು ಇಲ್ಲದಿದ್ದರೆ ಅದು ಹುಳಿಯನ್ನ, ಪುಳಿಯೋಗರೆ ಅಲ್ಲ ಎಂಬುದು ನನ್ನ ಹಠ. ಬೆಲ್ಲವೇ ಮುಂದೆ ಬಂದರೆ ಅದು ಪ್ರವಾಸಿಗರ ನಾಲಿಗೆಗೆ ತಿದ್ದಿದ ರುಚಿ. ಈಚೆಗೆ ಅದು ಹೆಚ್ಚುತ್ತಿದೆ, ಹೇಳದೆ ಇರಲಾರೆ. ಕಡಲೆಕಾಯಿ ಬೀಜ ಮೆತ್ತಗಾಗಿದ್ದರೆ ಬೇಸರ ಬೇಡ, ಗೊಜ್ಜಿನಲ್ಲಿ ನೆನೆದ ಬೀಜಕ್ಕೆ ಬೇರೆಯದೇ ಸೊಗಸಿದೆ.

ಸಕ್ಕರೆ ಪೊಂಗಲ್‌ನಲ್ಲಿ ಸಕ್ಕರೆ ಇರಬಾರದು, ಬೆಲ್ಲ ಇರಬೇಕು. ಅನ್ನ, ಹೆಸರುಬೇಳೆ ಒಂದರಲ್ಲೊಂದು ಕರಗಿ, ಆದರೆ ಬೇಳೆಯ ಹುರಿದ ಪರಿಮಳ ಉಳಿದು, ಮೇಲೆ ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿ, ಕೆಂಪಗಾದ ಗೋಡಂಬಿ ಕಾಣಬೇಕು. ಪಚ್ಚಕರ್ಪೂರ ಚಿಟಿಕೆಯಷ್ಟು. ಅದು ಹೆಚ್ಚಾದರೆ ನಾಲಿಗೆ ಕಹಿಯಾಗುತ್ತದೆ. ಇಬ್ಬರಿಗೆ ಒಂದು ದೊನ್ನೆ ಸಾಕು. ಪುಳಿಯೋಗರೆ ಮೊದಲು, ಪೊಂಗಲ್ ಆಮೇಲೆ, ಸಿಕ್ಕರೆ ಕೊನೆಗೆ ಮೊಸರನ್ನ. ಈ ಕ್ರಮ ತಲೆಕೆಳಗಾದರೆ ಪುಳಿಯೋಗರೆ ಬರಿ ಹುಳಿಯಾಗಿ ತೋರುತ್ತದೆ.

ಗುಡಿಯೊಳಗೆ ಸಿಗುವ ಪ್ರಸಾದವನ್ನು ಅಂಗಡಿಯ ತಿನಿಸಿನ ಜೊತೆ ತೂಗಿ ನೋಡಬೇಡಿ. ಕೊಟ್ಟಷ್ಟನ್ನು ಬಲಗೈಯಲ್ಲಿ ಒಡ್ಡಿ ತೆಗೆದುಕೊಳ್ಳುವುದು, ಚೆಲ್ಲದಿರುವುದು, ಎಲೆಯನ್ನು ಬುಟ್ಟಿಗೆ ಹಾಕುವುದು, ಅಷ್ಟೇ ಶಿಷ್ಟಾಚಾರ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ತಿಂದು ದೊನ್ನೆಯನ್ನು ನೀರಿಗೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

7. ಗೊಜ್ಜು ಕೊಳ್ಳುವುದು

ಪುಳಿಯೋಗರೆ ಕಟ್ಟಿಸಿಕೊಂಡು ಹೋಗುವುದಕ್ಕಿಂತ ಗೊಜ್ಜು ಕೊಂಡು ಹೋಗುವುದು ಜಾಣತನ. ಅಂಗಡಿಗಳಲ್ಲಿ ಪುಡಿ, ಗೊಜ್ಜು ಎರಡೂ ಇವೆ. ಪುಡಿ ತಿಂಗಳುಗಟ್ಟಲೆ ಇಡಬಹುದು, ಆದರೆ ಕುದಿಸುವ ಶ್ರಮ ನಿಮ್ಮದೇ. ಗೊಜ್ಜಿನಲ್ಲಿ ಆ ಶ್ರಮ ಆಗಿಹೋಗಿರುತ್ತದೆ.

ಗೊಜ್ಜು ಬಾಳಿಕೆ ಬರುವುದರ ಗುಟ್ಟು ಹುಣಸೆಯ ಹುಳಿ, ಉಪ್ಪು ಮತ್ತು ಎಣ್ಣೆಯಲ್ಲಿದೆ. ಜೊತೆಗೆ ನೀರಿನಂಶ ಹೋಗುವವರೆಗೆ ಕುದಿಸಿರಬೇಕು. ಹಿಂದೆ ದೂರದ ಪ್ರಯಾಣಕ್ಕೆ ಬುತ್ತಿ ಎಂದರೆ ಪುಳಿಯೋಗರೆ, ಮೊಸರನ್ನ ಎಂದಿದ್ದದ್ದು ಸುಮ್ಮನೆ ಅಲ್ಲ. ಕೊಳ್ಳುವಾಗ ತಯಾರಿಸಿದ ದಿನ ನೋಡಿ, ಮೇಲೆ ಎಣ್ಣೆಯ ತೆಳು ಪದರ ನಿಂತಿದೆಯೇ ನೋಡಿ. ಮುಚ್ಚಳ ತೆರೆದು ತೋರಿಸುವವರಾದರೆ ಮೂಸಿ ನೋಡಿ. ಎಳ್ಳು, ಕೊಬ್ಬರಿ ಕಮಟು ವಾಸನೆ ಬೀರುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಸ್ವಲ್ಪ ಅನ್ನದ ಜೊತೆ ರುಚಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಚಿಲ್ಲರೆ ಹಣ ಕೈಯಲ್ಲಿರಲಿ, ಬೆಟ್ಟದ ಮೇಲೆ ಮೊಬೈಲ್ ಪಾವತಿ ಯಾವಾಗಲೂ ನಡೆಯುತ್ತದೆ ಎನ್ನಲಾಗದು.

8. ಹಿಂದಿರುಗುವ ದಾರಿ: ಆಲೆಮನೆ, ಕೆರೆ, ವಡೆ

ಹನ್ನೊಂದರ ಸುಮಾರಿಗೆ, ಬೇರೆಯವರೆಲ್ಲ ಊರಿಗೆ ಬರುವ ಹೊತ್ತಿಗೆ, ನೀವು ಇಳಿಯಿರಿ. ಪಾಂಡವಪುರದ ಕಡೆಗೆ ಹೊರಟರೆ ದಾರಿಯಿಂದ ಸ್ವಲ್ಪ ಒಳಗೆ ತೊಣ್ಣೂರು ಕೆರೆ. ಬೆಟ್ಟಗಳ ನಡುವೆ ತಿಳಿನೀರಿನ ಈ ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ. ಪಕ್ಕದ ಊರಿನಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣನ ಗುಡಿ. ನೀರು ನೋಡಿ, ಇಳಿಯಬೇಡಿ, ಆಳ ತಿಳಿಯದವರಿಗೆ ಅಪಾಯ.

ಇನ್ನು ಬೆಲ್ಲ. ಬೆಳಗ್ಗೆ ತಿಂದ ಪೊಂಗಲ್‌ನ ಅರ್ಧ ರುಚಿ ಬರುವುದು ಈ ಬಯಲಿನಿಂದ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಪಾಂಡವಪುರದ ಹಳ್ಳಿಗಳಲ್ಲಿ ಕಬ್ಬಿನ ಗದ್ದೆಯ ನಡುವೆ ಹೊಗೆ ಏಳುತ್ತಿದ್ದರೆ ಅಲ್ಲೊಂದು ಆಲೆಮನೆ ಇದೆ ಎಂದೇ ಲೆಕ್ಕ. ವಾಹನವನ್ನು ಗಾಡಿ, ಟ್ರ್ಯಾಕ್ಟರ್ ತಿರುಗಲು ಅಡ್ಡವಾಗದಂತೆ ನಿಲ್ಲಿಸಿ, 'ನೋಡಬಹುದೇ ಅಣ್ಣ?' ಎಂದು ಕೇಳಿ ಒಳಗೆ ಹೋಗಿ. ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಒಂದು ಲೋಟ ಕಬ್ಬಿನ ಹಾಲನ್ನೂ ಕೊಡುತ್ತಾರೆ.

ಗಾಣದಿಂದ ಬಂದ ಹಾಲು ದೊಡ್ಡ ಕೊಪ್ಪರಿಗೆಗೆ ಹೋಗುತ್ತದೆ. ಒಲೆಗೆ ಸೌದೆ ಇಲ್ಲ, ಅರೆದು ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ಕುದಿ ಬಂದಾಗ ಸುಣ್ಣ ಬಿದ್ದು ಮಡ್ಡಿ ಮೇಲೇಳುತ್ತದೆ, ಅದನ್ನು ಉದ್ದ ಹಿಡಿಯ ಜಾಲರಿಯಲ್ಲಿ ತೆಗೆಯುತ್ತಲೇ ಇರುತ್ತಾರೆ. ಪಾಕ ಗಟ್ಟಿಯಾಗುತ್ತಾ ಬಂದಂತೆ ಗುಳ್ಳೆಗಳ ಸದ್ದು ಬದಲಾಗುತ್ತದೆ. ಹದ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ಪರೀಕ್ಷಿಸಿ, ಕಟ್ಟಿದ ಕೂಡಲೇ ಕೊಪ್ಪರಿಗೆ ಇಳಿಸಿ ಎನ್ನುತ್ತಾನೆ. ಆಮೇಲಿನ ಕೆಲಸ ಓಟದ್ದು. ತೊಟ್ಟಿಗೆ ಸುರಿದು, ಕಲಕಿ, ಆರುವ ಮುಂಚೆ ಅಚ್ಚಿಗೋ ಬಕೆಟ್ಟಿಗೋ ತುಂಬಬೇಕು. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಟ್ಟು ಎಂದು ಬೆಲ್ಲ ಬೇರೆಬೇರೆಯಾಗಿ ಹರಾಜಾಗುವುದು ಈ ಆಕಾರಗಳ ಮೇಲೆ.

ಕೊಳ್ಳುವಾಗ ಹೊಂಬಣ್ಣಕ್ಕೆ ಮರುಳಾಗಬೇಡಿ. ತೀರ ತಿಳಿಯಾದ ಹಳದಿ ಬೆಲ್ಲಕ್ಕೆ ಬಣ್ಣ ತಿಳಿಗೊಳಿಸುವ ರಾಸಾಯನಿಕ ಬಿದ್ದಿರುವ ಸಾಧ್ಯತೆ ಹೆಚ್ಚು. ಕಂದು ಬಣ್ಣದ್ದನ್ನು ಕೇಳಿ. ತುಂಡು ಬಾಯಲ್ಲಿಟ್ಟಾಗ ಉಪ್ಪಿನ ರುಚಿ ಹಿಂದೆ ಬಂದರೆ ಬಿಟ್ಟುಬಿಡಿ.

ಕೊನೆಯ ನಿಲುಗಡೆ ಮದ್ದೂರು. ದಶಪಥ ಮದ್ದೂರನ್ನು ಮೇಲಿಂದಲೇ ದಾಟಿಸಿಬಿಡುತ್ತದೆ, ಆದ್ದರಿಂದ ವಡೆ ಬೇಕಾದವರು ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಧಾರಾಳ ಈರುಳ್ಳಿ, ಕರಿಬೇವು. ರೈಲು ಹಿಡಿಯುವ ಆತುರದ ಗಿರಾಕಿಗಳಿಗಾಗಿ ರೈಲು ನಿಲ್ದಾಣದಲ್ಲಿ ಹುಟ್ಟಿದ ತಿಂಡಿ ಎಂದು ಊರು ಹೇಳಿಕೊಳ್ಳುತ್ತದೆ. ಎರಡು ದಿನ ಈರುಳ್ಳಿಯಿಲ್ಲದ ಅಡುಗೆ ಉಂಡು ಬಂದ ನಾಲಿಗೆಗೆ ಅದರ ರುಚಿ ಇಮ್ಮಡಿ. ಬಿಸಿ ಬಾಣಲೆಯಿಂದ ತೆಗೆದದ್ದನ್ನು ಅಲ್ಲೇ ತಿನ್ನಿ. ಪೊಟ್ಟಣ ಕಟ್ಟಿಸುವುದಾದರೆ ಕಾಗದದಲ್ಲಿ ಕಟ್ಟಿಸಿ, ಪ್ಲಾಸ್ಟಿಕ್‌ನಲ್ಲಿ ಬೆವರಿ ಮೆತ್ತಗಾಗುತ್ತದೆ.

9. ಮನೆಗೆ ಬಂದ ಮೇಲೆ

ತಂದ ಗೊಜ್ಜನ್ನು ಕುಕ್ಕರಿನ ಮೆತ್ತನೆ ಅನ್ನಕ್ಕೆ ಹಾಕಿ ಕೆಡಿಸಬೇಡಿ. ಒಂದು ಲೋಟ ಹಳೆಯ ಅಕ್ಕಿಯ ಅನ್ನವನ್ನು ನೀರು ಸ್ವಲ್ಪ ಹಿಡಿದು ಉದುರಾಗಿ ಮಾಡಿ. ಅಗಲದ ತಟ್ಟೆಗೆ ಹರಡಿ, ಎರಡು ಚಮಚ ಎಳ್ಳೆಣ್ಣೆ, ಚಿಟಿಕೆ ಅರಿಸಿನ ಹಾಕಿ ಪೂರ್ತಿ ಆರಲು ಬಿಡಿ. ಕಡಲೆಕಾಯಿ ಬೀಜ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ಗೊಜ್ಜನ್ನು ನಾಲ್ಕು ಚಮಚದಿಂದ ಶುರುಮಾಡಿ ರುಚಿ ನೋಡುತ್ತಾ ಬೆರಳ ತುದಿಯಲ್ಲಿ ಅಗುಳು ಮುರಿಯದಂತೆ ಕಲಸಿ. ಕೊನೆಗೆ ಹುರಿದು ಪುಡಿಮಾಡಿದ ಎಳ್ಳು, ತುರಿದ ಒಣಕೊಬ್ಬರಿ ಉದುರಿಸಿ, ಮುಚ್ಚಿ ಒಂದು ಗಂಟೆ ಬಿಡಿ.

ಗೊಜ್ಜು ಮುಗಿದ ಮೇಲೆ ನೀವೇ ಮಾಡಿಕೊಳ್ಳಬಹುದು. ಅರ್ಧ ಕಿಲೋ ಅಕ್ಕಿಯ ಅನ್ನಕ್ಕಾಗುವ ಅಳತೆ ಇದು. 100 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿ ರಸ ತೆಗೆಯಿರಿ. ಎರಡು ದೊಡ್ಡ ಚಮಚ ಧನಿಯ, ತಲಾ ಒಂದು ಸಣ್ಣ ಚಮಚ ಮೆಂತ್ಯ, ಜೀರಿಗೆ, ಅದಕ್ಕಿಂತ ತುಸು ಹೆಚ್ಚು ಕರಿಮೆಣಸು, ಹದಿನೈದು ಬ್ಯಾಡಗಿ ಮೆಣಸಿನಕಾಯಿಗಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಗೊಜ್ಜಿಡೀ ಕಹಿ, ಅದರ ಮೇಲೆ ಕಣ್ಣಿರಲಿ. ದಪ್ಪ ತಳದ ಪಾತ್ರೆಯಲ್ಲಿ ಆರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಇಂಗು ಸಿಡಿಸಿ, ಹುಣಸೆ ರಸ, ಉಪ್ಪು, ಅರಿಸಿನ ಹಾಕಿ ಕುದಿಸಿ. ಹಸಿವಾಸನೆ ಹೋದ ಮೇಲೆ ನಿಂಬೆ ಗಾತ್ರದ ಬೆಲ್ಲ, ಪುಡಿ ಸೇರಿಸಿ. ಅರ್ಧಕ್ಕಿಂತ ಕಡಿಮೆಗೆ ಇಳಿದು, ಪಾತ್ರೆಯ ಅಂಚು ಬಿಟ್ಟು, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಇರಲಿ. ಎಳ್ಳು, ಕೊಬ್ಬರಿಯನ್ನು ಗೊಜ್ಜಿಗೆ ಹಾಕಿಡಬೇಡಿ, ಬೇಗ ಕಮಟುತ್ತವೆ. ಕಲಸುವ ದಿನ ಹಾಕಿದರಾಯಿತು. ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಒಣ ಚಮಚವನ್ನೇ ಬಳಸಿ. ಒಮ್ಮೆ ಒದ್ದೆ ಚಮಚ ಇಳಿದರೆ ವಾರದೊಳಗೆ ಬೂಷ್ಟು ಕಟ್ಟುತ್ತದೆ.